ಮರವಂತೆಯ ಇಳಿತದ ದಾರಿಯಲ್ಲಿ ನಾಲ್ವರು

ಹೊಸ ಕುಂದಾಪುರ, ಘಟ್ಟದ ಬುಡ
ಫೆಬ್ರವರಿ 30, 2191

ನನಗಿಂತ ನೂರರವತ್ತು ವರ್ಷ ಹಿರಿಯರೂ, ವಯಸ್ಸಿನಲ್ಲಿ ಮೂವತ್ತು ವರ್ಷ ಕಿರಿಯರೂ ಆದ ಪೂರ್ವಜರೇ,

ಮೊದಲಿಗೆ ತಪ್ಪೊಪ್ಪಿಗೆ. ಕಳೆದ ಅಮಾವಾಸ್ಯೆಯ ದಿನ, ಹಾಡಹಗಲು, ತ್ರಾಸಿಯ ಇಳಿಜಾರಿನಲ್ಲಿ, ಸ್ವಸ್ಥಚಿತ್ತನಾಗಿ, ಯಾರ ಬಲವಂತವೂ ಇಲ್ಲದೆ, ನಾನು ಹಾರ್ನ್ ಹೊಡೆದೆ. ಎದುರಿಗೆ ಮನುಷ್ಯರಿರಲಿಲ್ಲ, ದನವಿರಲಿಲ್ಲ, ತಿರುವೂ ಇರಲಿಲ್ಲ. ಒಂದು ಸಲವಲ್ಲ, ಎರಡು ಸಲ. ಎರಡನೆಯದು ಸ್ವಲ್ಪ ಉದ್ದ. ದಾರಿಬದಿಯ ಕಂಬದಲ್ಲಿದ್ದ ಕಿವಿ ಅದನ್ನು ಕೇಳಿಸಿಕೊಂಡಿತು. ನಮ್ಮಲ್ಲಿ ಕಂಬಕ್ಕೂ ಕಿವಿಯಿದೆ, ನಿಮ್ಮಲ್ಲಿ ಗೋಡೆಗೆ ಮಾತ್ರ ಇತ್ತಂತೆ. ಶಿಕ್ಷೆ ಮೂರು ದಿನದ ಮೌನ. ವಾದಿರಾಜ ಉಪಾಧ್ಯ ಎಂಬ ಹೆಸರಿಟ್ಟುಕೊಂಡು, ಮೂವತ್ತೈದು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನಿಗೆ ಮೂರು ದಿನ ಬಾಯಿ ಮುಚ್ಚಿಕೊಂಡಿರು ಎನ್ನುವುದು ಗಲ್ಲುಶಿಕ್ಷೆಗಿಂತ ಒಂದೇ ಮೆಟ್ಟಿಲು ಕೆಳಗೆ. ಮೌನ ನಿನ್ನೆ ಮುಗಿಯಿತು. ಅದಕ್ಕೇ ಈ ಕಾಗದ ಸ್ವಲ್ಪ ಉದ್ದವಾದೀತು.

ತಾರೀಕು ನೋಡಿ ಬೆಚ್ಚಬೇಡಿ. ಫೆಬ್ರವರಿಗೆ ಆಗಿದ್ದ ಅನ್ಯಾಯವನ್ನು ನಾವು ಸರಿಪಡಿಸಿದ್ದೇವೆ, ಅಷ್ಟೇ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನಿಮ್ಮ ಕಾಲದ ಕನ್ನಡವನ್ನು ಓದಿ ಕಲಿತವನು ನಾನು, ಆಡಿ ಕಲಿತವನಲ್ಲ. ‘ಸುಮ್ಮನೆ’ ಎಂಬ ನಿಮ್ಮ ಪದವೊಂದರ ಅರ್ಥ ತಿಳಿಯಲು ನನಗೆ ಅರವತ್ತೆಂಟು ವರ್ಷ ಬೇಕಾಯಿತು. ಎಲ್ಲಿಗೆ ಹೊರಟಿರಿ? ಸುಮ್ಮನೆ. ಯಾಕೆ ನಿಲ್ಲಿಸಿದಿರಿ? ಸುಮ್ಮನೆ. ನಮ್ಮ ಬಂಡಿಗೆ ಈ ಪದ ಅರ್ಥವಾಗುವುದಿಲ್ಲ.

ನಮ್ಮ ಬಂಡಿಯ ಹೆಸರು ತಾನೋಟ. ತಾನೇ ಓಡುವುದರಿಂದ ತಾನೋಟ. ಎಲ್ಲಿಗೆ ಎಂದು ಹೇಳಿ ಕುಳಿತರೆ ಸಾಕು, ಉಳಿದದ್ದು ಅದರದೇ ಕಾರುಬಾರು. ನಾಲ್ವರು ಸ್ನೇಹಿತರು ಹೊರಟರೆ ನಾಲ್ಕು ಗೂಡು, ಒಬ್ಬೊಬ್ಬರಿಗೂ ಬೇರೆ ಗಾಳಿ, ಬೇರೆ ಹಾಡು, ಬೇರೆ ನಿದ್ದೆ. ಗೂಡಿನ ಗಾಜು ನಮಗೆ ಹಿತವೆನಿಸುವ ದೃಶ್ಯವನ್ನು ತೋರಿಸುತ್ತದೆ. ಕೆಲವರು ಘಟ್ಟ ಇಳಿಯುತ್ತಾ ಹಿಮಾಲಯ ನೋಡುತ್ತಾರೆ. ತಾನೋಟದಲ್ಲಿ ನೋಟವಿದೆ ಎಂದು ನಾನು ತರಗತಿಯಲ್ಲಿ ನಗಿಸುತ್ತಿದ್ದೆ, ನಿಜವೆಂದರೆ ಇರುವುದು ಹೆಸರಿನಲ್ಲಿ ಮಾತ್ರ. ನಿಲ್ಲಿಸು ಎಂದರೆ ಕಾರಣ ಕೇಳುತ್ತದೆ. ಅದರ ಪಟ್ಟಿಯಲ್ಲಿ ಕಾರಣಗಳು ಹದಿನಾಲ್ಕು. ವಾಂತಿ ಇದೆ, ಪ್ರಸವ ಇದೆ, ಪ್ರಾರ್ಥನೆಯೂ ಇದೆ, ಸುಮ್ಮನೆ ಇಲ್ಲ. ತಲುಪಿದ ಮೇಲೆ ಬಾಗಿಲು ತಾನೇ ತೆರೆಯುತ್ತದೆ, ನಾವು ಇಳಿದ ಮೇಲೆ ತಾನೇ ಮುಚ್ಚುತ್ತದೆ, ಇಳಿಜಾರಿರಲಿ ಏರಿರಲಿ, ಕರೆಯುವ ತನಕ ಬಿಟ್ಟ ಜಾಗದಲ್ಲಿ ಬೇರುಬಿಟ್ಟ ಮರದಂತೆ ನಿಂತಿರುತ್ತದೆ. ಈ ಕೊನೆಯ ಅಭ್ಯಾಸವೇ ನಮಗೆ ಮುಳುವಾದದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಕಾಲದ ಬಂಡಿಗೆ ನಾವು ಕೈಕಾರು ಎನ್ನುತ್ತೇವೆ, ಕೈಯಿಂದ ಓಡಿಸುವುದರಿಂದ. ಹೊಸ ಕುಂದಾಪುರದ ಹಳೆಗಾಡಿ ಮನೆಯಲ್ಲಿ ಅಂಥವು ಮೂರಿವೆ. ತರಬೇತಿ ಪಡೆದು ಪತ್ರ ಗಿಟ್ಟಿಸಿದವರಿಗೆ ಕಡಲು ತೀರಾ ಇಳಿಯುವ ದಿನ ಸಿಗುವ ಕಡಲ ರಜೆಯಲ್ಲಿ ಒಂದು ದಿನದ ಮಟ್ಟಿಗೆ ಕೊಡುತ್ತಾರೆ. ಇಡೀ ತಾಲೂಕಿನಲ್ಲಿ ಈ ಪತ್ರ ಇರುವವರು ಏಳು ಜನ. ಏಳರಲ್ಲಿ ನಾನೊಬ್ಬ ಎಂದು ವಿನಯಪೂರ್ವಕವಾಗಿ, ಕೇಳಿದವರಿಗೂ ಕೇಳದವರಿಗೂ ಹೇಳುತ್ತಾ ಬಂದಿದ್ದೇನೆ. ನಲವತ್ತು ದಿನ ಮೈದಾನದಲ್ಲಿ ಸುತ್ತು ಹಾಕಿ ಕಲಿತ ವಿದ್ಯೆ. ನಮಗೆ ಸಿಕ್ಕಿದ ಕಾರಿನ ಮುಂದಿನ ಗೂಡಿನಲ್ಲಿ ಯಾರದೋ ಬಾಚಣಿಗೆ, ಹುಣಿಸೆಹಣ್ಣಿನ ಚಾಕಲೇಟಿನ ಕಾಗದ, ‘ವಾಪಸ್ ಬರುವಾಗ ಮೀನು’ ಎಂದು ಬರೆದ ಚೀಟಿ ಇನ್ನೂ ಇದ್ದವು. ಆ ಚೀಟಿಯನ್ನು ಎಷ್ಟು ಸಲ ಓದಿದೆನೋ. ಯಾರು ನೀವು? ಮೀನು ಕೊಂಡಿರಾ, ಮರೆತಿರಾ? ಮನೆಯಲ್ಲಿ ಬೈಗುಳ ತಿಂದಿರಾ?

ಈಗ ನಾಲ್ವರ ಪರಿಚಯ. ನಾನು ಗೊತ್ತಾದೆ. ಜುಲೇಖಾ ನಿವೃತ್ತ ಗಣಿತದ ಟೀಚರು. ಅವಳ ನಾಲಿಗೆಯಲ್ಲಿ ಭಾಗಾಕಾರಕ್ಕೆ ಶೇಷ ಉಳಿಯುವುದಿಲ್ಲ. ಬಸ್ತ್ಯಾಂವ್ ದೋಣಿ ಕಟ್ಟುತ್ತಿದ್ದವನು, ದೊಡ್ಡ ಕೈ, ಮಡಚಲಾಗದ ಬಲ ಮೊಣಕಾಲು. ಕಮಲಾಕ್ಷ ನುಗ್ಗೇಕಾಯಿಯಂತೆ ಸಣಕಲು, ಒಂದು ಕಾಲದಲ್ಲಿ ವಾರ್ಡಿನ ಸದಸ್ಯ. ನಾವು ನಾಲ್ವರೂ ಒಂದೇ ಶಾಲೆ, ಒಂದೇ ಬೆಂಚು. ಆದರೆ ಬಸ್ತ್ಯಾಂವ್ ಮತ್ತು ಕಮಲಾಕ್ಷ ಹನ್ನೊಂದು ವರ್ಷದಿಂದ ಮಾತಾಡಿರಲಿಲ್ಲ.

ಕಾರಣ ಸಣ್ಣದಲ್ಲ. ಹನ್ನೊಂದು ವರ್ಷದ ಹಿಂದೆ, ಕಡಲಿಗೆ ಅಡ್ಡವಾಗಿ ಮೊದಲೇ ಕಟ್ಟಿದ್ದ ಗೋಡೆಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಲು ಕಲ್ಲು ಸಾಕಾಗುತ್ತಿತ್ತು. ಒಂದು ಗೋಡೆಯ ಹಿಂದೆ ಮುನ್ನೂರು ಮನೆ, ಆಸ್ಪತ್ರೆ. ಇನ್ನೊಂದರ ಹಿಂದೆ ಮರವಂತೆಯ ತುದಿಯ ನಲವತ್ತೊಂದು ಮನೆ. ನಲವತ್ತೊಂದನ್ನು ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಬೇಕಾದವನು ಕಮಲಾಕ್ಷ. ಹಾಕಿದ. ಅವನ ಸ್ವಂತ ಮನೆ ಮುನ್ನೂರರಲ್ಲಿತ್ತು, ಬಸ್ತ್ಯಾಂವನದು ನಲವತ್ತೊಂದರಲ್ಲಿ. ಲೆಕ್ಕ ಸರಿ ಎಂದು ಜುಲೇಖಾಳೇ ಹೇಳಿದ್ದಳು. ಆದರೆ ಲೆಕ್ಕ ಸರಿಯಾದ ಮಾತ್ರಕ್ಕೆ ಮನೆ ಒಣಗಿರುವುದಿಲ್ಲವಲ್ಲ.

ಇಲ್ಲಿ ನಮ್ಮ ಕಾಲದ ಒಂದು ಪದ್ಧತಿಯನ್ನು ಹೇಳಬೇಕು. ಬಿಟ್ಟುಕೊಟ್ಟ ಊರನ್ನು ನೋಡಲು ಯಾರಾದರೂ ಹೋಗುವುದಾದರೆ, ಬಿಟ್ಟುಕೊಟ್ಟವನೂ ಜೊತೆಗೆ ಹೋಗಬೇಕು. ಅಲ್ಲಿ ನಿಂತು ಒಂದೊಂದು ಮನೆಯ ಹೆಸರನ್ನೂ ಅವನು ಬಾಯಿಬಿಟ್ಟು ಕರೆಯಬೇಕು. ಪ್ರತಿ ಹೆಸರಿಗೂ ಆ ಮನೆಯವರು, ಅವರಿಲ್ಲದಿದ್ದರೆ ಇದ್ದವರು, ‘ಇತ್ತು’ ಎನ್ನಬೇಕು. ಇದಕ್ಕೆ ಹೆಸರುಕರೆ ಎನ್ನುತ್ತಾರೆ. ಸಹಿ ಹಾಕುವುದು ಯಾರಿಗೂ ಸಲೀಸಾಗಬಾರದೆಂದು ಹಿಂದಿನವರು ಮಾಡಿದ ಕಟ್ಟಳೆ.

ಮರವಂತೆಯಲ್ಲಿ ನಿಮ್ಮ ಹೆದ್ದಾರಿ, ಒಂದು ಪಕ್ಕ ಕಡಲು ಒಂದು ಪಕ್ಕ ಸೌಪರ್ಣಿಕಾ ನದಿ ಇಟ್ಟುಕೊಂಡು, ಇಬ್ಬರು ಹೆಂಡಿರ ನಡುವಿನ ಗಂಡನಂತೆ ನೆಟ್ಟಗೆ ಓಡುತ್ತಿತ್ತಲ್ಲ? ಆ ಹೆಂಡಿರಿಬ್ಬರೂ ಈಗ ಒಂದಾಗಿದ್ದಾರೆ. ಗಂಡ ನೀರಿನಡಿಯಲ್ಲಿದ್ದಾನೆ. ವರ್ಷಕ್ಕೆ ಕೆಲವು ಅಮಾವಾಸ್ಯೆಗಳಲ್ಲಿ ಮಾತ್ರ, ದೊಡ್ಡ ಇಳಿತದ ಹೊತ್ತಿನಲ್ಲಿ, ಸಂಜೆ ನಾಲ್ಕರಿಂದ ಆರರ ತನಕ ಮೇಲೆ ಬಂದು ಉಸಿರಾಡುತ್ತಾನೆ. ತಾನೋಟದ ನಕ್ಷೆಯಲ್ಲಿ ಅದು ಸಮುದ್ರ, ಹಾಗಾಗಿ ಅದು ಇಳಿಯಲು ಒಪ್ಪುವುದಿಲ್ಲ. ಕೈಕಾರು ಒಂದೇ ಗತಿ. ದಾರಿಯ ಗುರುತಿಗೆ ನೆಟ್ಟ ಕಂಬಗಳನ್ನು ಇನ್ನು ಮುಂದೆ ರಿಪೇರಿ ಮಾಡುವುದಿಲ್ಲವೆಂದೂ, ಇದೇ ಕೊನೆಯ ವರ್ಷವೆಂದೂ ಪ್ರಕಟಣೆ ಬಂತು. ಬಸ್ತ್ಯಾಂವನಿಗೆ ತನ್ನ ಮನೆಯ ಮೆಟ್ಟಿಲ ಮೇಲೆ ಒಮ್ಮೆ ನಿಲ್ಲಬೇಕಿತ್ತು. ಅದಕ್ಕೆ ಕಮಲಾಕ್ಷ ಬೇಕಿತ್ತು. ಇಬ್ಬರಿಗೂ ಚಾಲಕ ಬೇಕಿತ್ತು. ಏಳರಲ್ಲಿ ಒಬ್ಬ ಇಲ್ಲೇ ಇದ್ದನಲ್ಲ.

ಹೊರಟೆವು. ಮುಂದಿನ ಎಡಸೀಟಿನಲ್ಲಿ ನೀರಳೆಯುವ ಪೆಟ್ಟಿಗೆಯನ್ನು ಕೂರಿಸಬೇಕೆಂಬುದು ನಿಯಮ. ಉಳಿದ ಮೂವರೂ ಹಿಂದೆ. ನಡುವಿನ ಸೀಟಿನಲ್ಲಿ ಜುಲೇಖಾ, ಇಬ್ಬರ ಮಧ್ಯಸ್ಥಿಕೆಯನ್ನು ಅಕ್ಷರಶಃ ವಹಿಸಿಕೊಂಡು. ಅಯ್ಯಾ ಪೂರ್ವಜರೇ, ಆ ನಡುವಿನ ಸೀಟು! ಅದಕ್ಕಾಗಿ, ಅಲ್ಲ, ಅದು ಬೇಡವೆಂದು ನೀವು ಜಗಳವಾಡುತ್ತಿದ್ದಿರಂತೆ. ನಮ್ಮವರು ಅಂಥದ್ದೊಂದನ್ನು ಕಂಡೇ ಇರಲಿಲ್ಲ. ಪಕ್ಕದವನ ಮೊಣಕೈ ಪಕ್ಕೆಗೆ ತಾಗುತ್ತದೆ, ಅವನು ಬೆಳಿಗ್ಗೆ ಏನು ತಿಂದನೆಂದು ಗೊತ್ತಾಗುತ್ತದೆ, ತಿರುವು ಬಂದರೆ ಮೂವರೂ ಒಂದೇ ಕಡೆ ವಾಲುತ್ತಾರೆ. ಎಡಕ್ಕೆ ತಿರುಗಿಸಿದಾಗ ಕಮಲಾಕ್ಷನ ಮೇಲೆ ಇಬ್ಬರ ಭಾರ, ಬಲಕ್ಕೆ ತಿರುಗಿಸಿದಾಗ ಬಸ್ತ್ಯಾಂವನ ಮೇಲೆ. ನಾನು ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ತಿರುಗಿಸಿದೆ. ಮಾತು ಮಾತ್ರ ಜುಲೇಖಾಳ ಮೂಲಕ ಅಂಚೆಯಂತೆ ಹೋಗುತ್ತಿತ್ತು. ಕಿಟಕಿ ಮುಚ್ಚಲು ಅವನಿಗೆ ಹೇಳು ಎಂದು ಇವನು, ಗಾಳಿ ಯಾರಪ್ಪನದು ಅಂತ ಕೇಳು ಎಂದು ಅವನು. ಹತ್ತು ಮೈಲಿಗೆಲ್ಲ ಅಂಚೆಯಮ್ಮ ರಾಜೀನಾಮೆ ಕೊಟ್ಟಳು. ಆಮೇಲೆ ಗಾಳಿಯೊಂದೇ ಮಾತಾಡಿತು.

ಕಿಟಕಿಯ ಗಾಜು ಇಳಿಸಿದರೆ ನಿಜವಾದ ಗಾಳಿ ಬರುತ್ತದೆ, ಉಪ್ಪುಪ್ಪಾಗಿ. ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿದೆ. ಗೇರುಮರದ ಕೆಳಗೆ ಸುಮ್ಮನೆ, ಎಳನೀರಿನವನ ಹತ್ತಿರ ಸುಮ್ಮನೆ, ಬಸ್ತ್ಯಾಂವನಿಗೆ ಒಂದು ದೋಣಿಯ ಚೌಕಟ್ಟು ಕಂಡಿತೆಂದು ಸುಮ್ಮನೆ. ಜುಲೇಖಾ ಕಟ್ಟಿ ತಂದಿದ್ದ ಗೋಳಿಬಜೆಯನ್ನು ಬಾನೆಟ್ಟಿನ ಮೇಲಿಟ್ಟು ತಿಂದೆವು. ನಿಂತಾಗಲೆಲ್ಲ ಬಸ್ತ್ಯಾಂವ್ ಒಂದು ಪಕ್ಕ, ಕಮಲಾಕ್ಷ ಒಂದು ಪಕ್ಕ, ನಡುವೆ ಕಾರು. ನೀರಿಗೆ ಸಿಗದಂತೆ ಎತ್ತರದ ಕಂಬಗಳ ಮೇಲೆ ಕಟ್ಟಿದ ನಮ್ಮ ಕಾಲದ ದಾರಿ ತ್ರಾಸಿಯಲ್ಲಿ ಮುಗಿದು ನಿಮ್ಮ ಹಳೆಯ ಹೆದ್ದಾರಿಗೆ ಇಳಿಯುತ್ತದೆ. ಮೊದಲೇ ಒಪ್ಪಿಕೊಂಡ ಅಪರಾಧ ನಡೆದದ್ದು ಅಲ್ಲೇ, ಒದ್ದೆ ಡಾಂಬರು ಕಪ್ಪಗೆ ಹೊಳೆಯುತ್ತಾ ಎದ್ದು ಬಂದ ಕ್ಷಣದಲ್ಲಿ. ಏಕೆ ಹೊಡೆದೆ ಎಂದು ಕೇಳಿದರೆ, ಪಟ್ಟಿಯಲ್ಲಿಲ್ಲದ ಅದೇ ಕಾರಣ.

ಮೂರು ಕಿಲೋಮೀಟರು ಸಾಗಿ ಆಚೆ ತುದಿಯಲ್ಲಿ ನಿಲ್ಲಿಸಿದೆ. ಮನೆಗಳೇನೂ ಉಳಿದಿಲ್ಲ. ಬಾವಿಕಟ್ಟೆಗಳು, ತಳಪಾಯದ ಕೆಂಪುಕಲ್ಲು, ಮೈತುಂಬ ಚಿಪ್ಪು ಅಂಟಿಸಿಕೊಂಡ ಮೆಟ್ಟಿಲುಗಳು. ಬಸ್ತ್ಯಾಂವ್ ತನ್ನದನ್ನು ಹುಡುಕಲೇ ಇಲ್ಲ, ಸೀದಾ ನಡೆದು ಮೂರನೆಯ ಮೆಟ್ಟಿಲ ಮೇಲೆ ನಿಂತ. ಅಲ್ಲಿ ಅವನ ಅಮ್ಮ ಕೂತು ಮೀನು ಕೊಯ್ಯುತ್ತಿದ್ದಳು. ಶಾಲೆ ಬಿಟ್ಟು ಬರುವಾಗ ನಮ್ಮ ನಾಲ್ವರಿಗೂ ಅವಳ ಕೈಯ ಗಂಜಿ ಇರುತ್ತಿತ್ತು. ಕಮಲಾಕ್ಷನಿಗೆ ಮಾತ್ರ ಎರಡನೆಯ ಬಟ್ಟಲು, ಸಣಕಲನೆಂದು. ಆಗ ಎತ್ತರದ ಗೋಡೆಯಾಚೆಗಿನ ಕಡಲು ನಮಗೆ ಕಾಣುತ್ತಿರಲಿಲ್ಲ, ಕೇಳುತ್ತಿತ್ತು.

ಕಮಲಾಕ್ಷ ಹೆಸರುಕರೆ ಆರಂಭಿಸಿದ. ಕಡತದಲ್ಲಿ ಮನೆಗಳಿಗೆ ಇದ್ದದ್ದು ನಂಬರು. ಅವನು ಊರವರು ಕರೆಯುತ್ತಿದ್ದ ಹೆಸರುಗಳನ್ನು ಹೇಳಿದ, ಚೀಟಿ ನೋಡದೆ. ಹನ್ನೊಂದು ವರ್ಷ ಬಾಯಿಪಾಠ ಮಾಡಿಟ್ಟಿದ್ದನೋ ಏನೋ. ಒಂದೊಂದಕ್ಕೂ ಜುಲೇಖಾ, ನಾನು ಇತ್ತು ಎಂದೆವು. ನಲವತ್ತು ಮುಗಿಯಿತು. ನಲವತ್ತೊಂದನೆಯದಕ್ಕೆ ಅವನ ಬಾಯಿ ತೆರೆಯಿತು, ಸ್ವರ ಬರಲಿಲ್ಲ. ಮತ್ತೆ ತೆರೆದ. ಮತ್ತೆ ಇಲ್ಲ. ನಾವು ಕಾದೆವು. ಬಸ್ತ್ಯಾಂವನೂ ಮೆಟ್ಟಿಲ ಮೇಲಿಂದ ಕಾದ. ಆಮೇಲೆ ಬಸ್ತ್ಯಾಂವನೇ, ಯಾರಿಗೂ ಅಲ್ಲದಂತೆ, ಕಡಲ ಕಡೆ ನೋಡಿ ಹೇಳಿದ:

“ಹೇಳುಕೆ ಬಾಯಿ ಬತ್ತಿಲ್ಲೆ. ಸಹಿ ಹಾಕುಕೆ ಕೈ ಬಂದಿತ್ತ್.”

ಹೇಳಿ ಇಳಿದು ಅತ್ತ ನಡೆದುಬಿಟ್ಟ. ಇಷ್ಟು ದೂರ ಕರೆತಂದು, ಇದ್ದ ಗಾಯಕ್ಕೆ ಉಪ್ಪುನೀರು ಹಾಕಿದಂತಾಯಿತಲ್ಲ ಎನಿಸಿತು. ಹೆಸರುಕರೆ ಅರ್ಧಕ್ಕೆ ನಿಂತರೆ ಮತ್ತೆ ಬರಲು ಇನ್ನೊಂದು ವರ್ಷವಿಲ್ಲ. ನಾವು ಮೂವರೂ ಬಸ್ತ್ಯಾಂವನ ಬೆನ್ನನ್ನೇ ನೋಡುತ್ತಾ ನಿಂತಿದ್ದಾಗ, ಹಿಂದಿನಿಂದ ಜಲ್ಲಿ ಸರಿದ ಸದ್ದು. ತಿರುಗಿದರೆ ನಮ್ಮ ಕಾರು, ಒಳಗೆ ಯಾರೂ ಇಲ್ಲದೆ, ದಿಬ್ಬ ಇಳಿದು ನದಿಯ ಕಡೆಗೆ ಹೊರಟಿತ್ತು, ಅವಸರವಿಲ್ಲದೆ, ಮದುವೆಮನೆಗೆ ಹೊರಟ ಹಿರಿಯರಂತೆ.

ನಿಮಗೆ ಈಗಾಗಲೇ ನಗು ಬಂದಿರಬೇಕು. ಹ್ಯಾಂಡ್‌ಬ್ರೇಕ್ ಎಂಬುದೊಂದನ್ನು ಎಳೆಯಬೇಕಂತೆ. ತರಬೇತಿಯ ಮೈದಾನ ಸಮತಟ್ಟು, ಅಲ್ಲಿ ಎಳೆದರೂ ಎಳೆಯದಿದ್ದರೂ ಒಂದೇ. ಅರವತ್ತೆಂಟು ವರ್ಷ ಬಂಡಿಯಿಂದ ಇಳಿದು ತಿರುಗಿ ನೋಡದೆ ನಡೆದವರು ನಾವು. ಬಂಡಿಯೂ ನಮ್ಮಂತೆ ನಡೆದೀತು ಎಂದು ನಾಲ್ವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಒಂದು ಬಾವಿಕಟ್ಟೆ ಅಡ್ಡ ಸಿಕ್ಕಿ ಅದು ನಿಂತಿತು. ಒಂದು ಗಾಲಿ ಕೆಸರಿನಲ್ಲಿ. ನಾಲ್ವರೂ ಸೇರಿ ನೂಕಿ, ಕಲ್ಲು ಕೊಟ್ಟು, ಮತ್ತೆ ನೂಕಿ ದಾರಿಗೆ ಹತ್ತಿಸುವಷ್ಟರಲ್ಲಿ ಗಂಟೆ ಆರೂಕಾಲು. ನೀರಳೆಯುವ ಪೆಟ್ಟಿಗೆ ಕೆಂಪಗೆ ಮಿಣುಕುತ್ತಿತ್ತು. ದಾರಿಯ ಮೇಲೆ ಆಗಲೇ ಅಂಗೈ ಆಳದ ನೀರು.

ಹಾಗೆ ನಾನು ಆ ಮೂರು ಕಿಲೋಮೀಟರನ್ನು ವಾಪಸ್ ಓಡಿಸಿದೆ. ಹೊತ್ತು ಮುಳುಗುತ್ತಿತ್ತು. ದಾರಿ ಇಲ್ಲ, ಕಡಲಿಲ್ಲ, ನದಿಯಿಲ್ಲ, ಎಲ್ಲವೂ ಒಂದೇ ತಾಮ್ರದ ಹರಿವಾಣ. ಗುರುತಿನ ಕಂಬಗಳು ತಮ್ಮ ನೆರಳಿನ ಮೇಲೆ ತಾವೇ ನಿಂತಿದ್ದವು. ಬೆಳ್ಳಕ್ಕಿಗಳು ಕಾರಿನ ಪಕ್ಕದಲ್ಲೇ, ಅದೇ ವೇಗದಲ್ಲಿ, ನೀರಿಗೆ ರೆಕ್ಕೆ ತಾಗಿಸದೆ ಹಾರಿದವು. ನಾಲ್ಕು ಮುದಿ ತಲೆಗಳನ್ನು ಹೊತ್ತ ಕಾರು ನೀರಿನ ಮೇಲೆ ನಡೆಯುತ್ತಿದೆ ಎನ್ನಿಸುತ್ತಿತ್ತು. ಆಚೆ ದಡ ಸೇರಿದಾಗ ಬಸ್ತ್ಯಾಂವನೂ ಕಮಲಾಕ್ಷನೂ ಮಾತಾಡುತ್ತಿದ್ದರು. ಒಬ್ಬ ಚಾಲಕ ತಾಳ್ಮೆಯಿಂದ ಓಡಿಸಿದರೆ ಎಂಥ ಕಗ್ಗಂಟೂ ಸಡಿಲವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಆದ್ದರಿಂದ ಪೂರ್ವಜರೇ, ನಿಮ್ಮಲ್ಲಿ ಒಂದು ಬಿನ್ನಹ. ನಿಮ್ಮ ಮುಂದೆ ಇನ್ನೂ ಒಣ ದಾರಿಯಿದೆ. ರಜೆ ಸಿಕ್ಕಿದ ದಿನ, ಮಾತು ಬಿಟ್ಟವರನ್ನೂ ಸೇರಿಸಿಕೊಂಡು, ಒಂದೇ ಕಾರಿನಲ್ಲಿ ಹಿಡಿಸದಷ್ಟು ಜನ ತುರುಕಿಕೊಂಡು ಹೋಗಿ. ನಡುವಿನ ಸೀಟಿಗಾಗಿ ಜಗಳವಾಡಿ. ಮರವಂತೆಯಲ್ಲಿ ಇಳಿದು, ಹ್ಯಾಂಡ್‌ಬ್ರೇಕ್ ಎಳೆದು, ಎರಡೂ ಕಡೆ ಕಣ್ಣುತುಂಬ ನೋಡಿ. ವಾಪಸ್ ಬರುವಾಗ ಮೀನು ಮರೆಯಬೇಡಿ.

ಇಲ್ಲಿಗೆ ಸಹಿ ಹಾಕಿ ಮುಗಿಸುವವನಿದ್ದೆ. ಆದರೆ ಹಿಂದಿನ ಕಾಲಕ್ಕೆ ಬರೆಯುವ ಕಾಗದಕ್ಕೆ, ನಡೆದದ್ದನ್ನು ಕಂಡವರೊಬ್ಬರ ಒಪ್ಪಿಗೆ ಬೇಕೆಂಬ ನಿಯಮವಿದೆ. ಜುಲೇಖಾಳ ಮುಂದಿಟ್ಟೆ. ಅವಳು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಒಂದು ಪ್ಯಾರಾದ ಮೇಲೆ ಬೆರಳಿಟ್ಟಳು.

“ವಾದಿ, ಇದನ್ನ್ ಓಡ್ಸದ್ ಯಾರ್?”

ಸರಿ. ಬರೆಯುತ್ತೇನೆ.

ದಾರಿಯ ಮೇಲೆ ನೀರು ಕಂಡ ಕೂಡಲೇ ಯಾವ ಪೆಡಲು ಯಾವುದಕ್ಕೆಂಬುದೇ ನನಗೆ ಮರೆತುಹೋಯಿತು. ಒಂದು ಕಾಲು ಬ್ರೇಕಿನ ಮೇಲೆ ಕುಣಿಯುತ್ತಿತ್ತು, ಇನ್ನೊಂದು ಎಲ್ಲಿದೆಯೆಂದೇ ತಿಳಿಯಲಿಲ್ಲ. ನನ್ನಿಂದ ಆಗುವುದಿಲ್ಲ ಎಂದೆ. ಬಸ್ತ್ಯಾಂವ್ ಬಾಗಿಲು ತೆಗೆದು, ನನ್ನನ್ನು ಚೀಲದಂತೆ ಹಿಂದಿನ ಸೀಟಿಗೆ ಎತ್ತಿ ಹಾಕಿ, ಚುಕ್ಕಾಣಿ ಹಿಡಿದ. ನೀರಿನಡಿಯ ದಾರಿ ಅವನಿಗೆ ಗೊತ್ತು, ಅದರ ಮೇಲೇ ನಡೆದು ಬೆಳೆದವನು. ಆದರೆ ಮೊಣಕಾಲು ಮಡಚದೆ ಪೆಡಲು ಒತ್ತಲಾಗದು. ಜುಲೇಖಾ ಕಮಲಾಕ್ಷನನ್ನು ಅದೇ ಸೀಟಿಗೆ ನೂಕಿದಳು, ಬಲದ್ದು ಹೋಗಲು, ಎಡದ್ದು ನಿಲ್ಲಲು ಎಂದು ಹೇಳಿಕೊಟ್ಟು. ಒಂದು ಸೀಟು, ಇಬ್ಬರು ಮುದುಕರು. ಒಬ್ಬನ ಕೈ, ಒಬ್ಬನ ಕಾಲು. ಹನ್ನೊಂದು ವರ್ಷದ ಮೇಲೆ ಬಸ್ತ್ಯಾಂವ್ ಅವನಿಗೆ ನೇರವಾಗಿ ಆಡಿದ ಮೊದಲ ಮಾತು ಕ್ಷಮೆಯದೂ ಅಲ್ಲ, ಬೈಗುಳವೂ ಅಲ್ಲ.

“ಒತ್ತ್.”

“ಎಷ್ಟ್?”

“ಚೂರ್. ಸಾಕ್. ಬಿಡ್. ಈಗ ಒತ್ತ್.”

ಹೀಗೆ ಒಂದು ಮೈಲಿ. ಒತ್ತು ಎಂದರೆ ಒತ್ತಿದ, ಬಿಡು ಎಂದರೆ ಬಿಟ್ಟ. ಯಾವುದೋ ಕಂಬ ದಾಟಿದಾಗ ಕಮಲಾಕ್ಷ, ಕಾಲು ಪೆಡಲಿನ ಮೇಲಿಟ್ಟುಕೊಂಡೇ, ಬಹಳ ಸಣ್ಣ ದನಿಯಲ್ಲಿ ಅಂದ:

“ಕಾರ್ಮಿಣ್ ಬಾಯಿ ಮನಿ.”

ಅದು ಬಸ್ತ್ಯಾಂವನ ಅಮ್ಮನ ಹೆಸರು, ಊರವರು ಆ ಮನೆಯನ್ನು ಕರೆಯುತ್ತಿದ್ದದ್ದು ಹಾಗೆ. ಬಸ್ತ್ಯಾಂವ್ ಎದುರಿನ ನೀರಿನಿಂದ ಕಣ್ಣು ತೆಗೆಯಲಿಲ್ಲ.

“ಗಟ್ಟಿ ಹೇಳ್. ಕಡ್ಲಿಗ್ ಕೇಂತಿಲ್ಲೆ.”

ಕಡಲಿಗೂ ಕೇಳುವಂತೆ ಕಮಲಾಕ್ಷ ಗಟ್ಟಿಯಾಗಿ ಹೇಳಿದ. ಕಾರು ಇನ್ನೊಂದು ಕಂಬ ದಾಟಿತು.

“ಇತ್ತ್” ಎಂದ ಬಸ್ತ್ಯಾಂವ್. ಆಮೇಲೆ, “ಕಾಲ್ ತೆಗಿಬೇಡ, ಒತ್ತ್.”

ಇದರಲ್ಲಿ ಮಾತುಗಳಷ್ಟೇ ನಾನು ಕಿವಿಯಲ್ಲಿ ಕೇಳಿದ್ದು. ತಾಮ್ರದ ಹರಿವಾಣ, ನೆರಳಿನ ಮೇಲೆ ನಿಂತ ಕಂಬ, ಬೆಳ್ಳಕ್ಕಿ, ಅವೆಲ್ಲ ಜುಲೇಖಾ ಆಮೇಲೆ ಹೇಳಿದ್ದು. ಹೋಗುವಾಗ ಡಾಂಬರಿನ ನಡುವಿನ ಬಿಳಿಗೆರೆ ಬಿಟ್ಟು ಆಚೀಚೆ ನೋಡಲು ನನಗೆ ಧೈರ್ಯ ಬರಲಿಲ್ಲ. ಅಲ್ಲಿ ನಿಂತಾಗಲೂ ಬಸ್ತ್ಯಾಂವನ ಬೆನ್ನಿನಿಂದ ಆಚೆಗೆ ಕಣ್ಣು ಹಾಯಿಸಲಿಲ್ಲ. ಬರುವಾಗ ಅವಳ ಮಡಿಲಲ್ಲಿ ಮುಖವಿಟ್ಟು, ಸೆರಗು ತಲೆಗೆ ಹೊದ್ದುಕೊಂಡು, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದೆ. ನಿಮಗೆ ಇಷ್ಟೆಲ್ಲ ವರ್ಣಿಸಿ, ಹೋಗಿ ನೋಡಿ ಎಂದವನು ಮರವಂತೆಯ ಕಡಲನ್ನು ಇದುವರೆಗೂ ನೋಡಿಲ್ಲ.

ವಾದಿರಾಜ ಉಪಾಧ್ಯ

ಓದಿ ಒಪ್ಪಿದೆ: ಜುಲೇಖಾ